ನೆಮಾನಿ ಮುಟ್ಟಿದ ಕಟ್ಟುಗಳು

ನೆಮಾನಿಗೆ ಕಂಪ್ಯೂಟರ್ ಬರುತ್ತದೆ ಎಂಬ ಸುದ್ದಿಯನ್ನು ಮೊದಲು ಹಬ್ಬಿಸಿದವನು ನೆಮಾನಿಯೇ. ಅದು ಪೂರ್ತಿ ಸುಳ್ಳೂ ಅಲ್ಲ. ರೈವಾಂಗದ ಚರ್ಚಿನಲ್ಲಿ ಭಾನುವಾರ ಕೀರ್ತನೆಯ ಸಾಲುಗಳನ್ನು ಗೋಡೆಯ ಮೇಲೆ ಮೂಡಿಸುವ ಕೆಲಸ ಅವನದು. ಜನ ಒಂದು ಚರಣ ಹಾಡಿ ಮುಗಿಸಿದರೆ ಅವನು ಒಂದು ಗುಂಡಿ ಒತ್ತಬೇಕು. ಅಷ್ಟೇ ಕೆಲಸ. ಆದರೆ ಅವನು ಆ ಗುಂಡಿ ಒತ್ತುವ ಗತ್ತು ನೋಡಿದವರಿಗೆ, ಇವನು ಬೆರಳೆತ್ತದಿದ್ದರೆ ಫಿಜಿಯ ಇಡೀ ಸುವಾ ಪಟ್ಟಣ ಮೂಕವಾಗಿಬಿಡುತ್ತದೆ ಅನ್ನಿಸುತ್ತಿತ್ತು. ವಾರದ ಉಳಿದ ದಿನಗಳಲ್ಲಿ ಅವನು ವಾಲು ಬೇ ಬಂದರಿನ ನಮ್ಮ ಹಡಗು ಕಂಪನಿಯ ಗೋದಾಮಿನಲ್ಲಿ ಸರಕಿಗೆ ಚೀಟಿ ಅಂಟಿಸುವ ಗುಮಾಸ್ತ. ನಾನು ಅದೇ ಗೋದಾಮಿನ ಬಾಗಿಲ ಪಕ್ಕದ ಟಿಕೆಟ್ ಕಿಟಕಿಯಲ್ಲಿ ಕೂರುವ ಮುನಿಸಾಮಿ. ನನಗೆ ಸಹನೆ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ಸಹನೆ ಇರುವವರು ಆ ಕಿಟಕಿಯಲ್ಲಿ ಒಂದು ಕ್ರಿಸ್‌ಮಸ್ ಕಾಲ ಕೂತು ನೋಡಲಿ.

ಎಲ್ಲಾ ಶುರುವಾದದ್ದು ಸರೋಜ್ ಗೌಂಡರ್ ಮೇಡಂ ಕರೆದ ಸಭೆಯಲ್ಲಿ. ಮೇಡಂ ನಮ್ಮ ಮ್ಯಾನೇಜರ್. ಬಂದರಿನ ತಪಾಸಣೆಯವರು ಹೊಸ ಕಟ್ಟಳೆ ತಂದಿದ್ದಾರೆ, ಹಡಗಿನ ಪ್ರತಿಯೊಬ್ಬ ಕೆಲಸಗಾರನೂ ಸುರಕ್ಷತೆಯ ಪಾಠವನ್ನು ಕಂಪ್ಯೂಟರಿನಲ್ಲಿ ಕಲಿತು ಪಾಸಾಗಿರಬೇಕು, ಇಲ್ಲದಿದ್ದರೆ ನಮ್ಮ ‘ಲೇಡಿ ಸೆಲೈನಾ’ ಕ್ರಿಸ್‌ಮಸ್‌ಗೆ ಕಂದಾವು ದ್ವೀಪಕ್ಕೆ ಹೊರಡುವ ಹಾಗಿಲ್ಲ ಎಂದರು. ಇಂಥ ಪಾಠ ತಯಾರಿಸುವ ಕಂಪನಿಯವರನ್ನು ಕೇಳಿದರೆ ಫೆಬ್ರವರಿಗೆ ಮುಂಚೆ ಪುರುಸೊತ್ತಿಲ್ಲ ಅಂದರಂತೆ. ಆದ್ದರಿಂದ ನಾವೇ ಮಾಡಿಕೊಳ್ಳಬೇಕು. ಏನೂ ಗೊತ್ತಿಲ್ಲದ ಹೊಸಬನ ಕೈಗೂ ಬಗ್ಗುವ ಒಂದು ಸಾಫ್ಟ್‌ವೇರ್ ಆರಿಸಿ, ಅದರಲ್ಲಿ ಪಾಠ ಕಟ್ಟಬೇಕು. ಯಾರು ಮಾಡುತ್ತೀರಿ?

ಎಲ್ಲರೂ ತಂತಮ್ಮ ಚಪ್ಪಲಿ ನೋಡಿಕೊಂಡೆವು. ನೆಮಾನಿಯ ಮನಸ್ಸು ಆಗ ಊಟದ ಡಬ್ಬಿಯಲ್ಲಿತ್ತು. ಅದರಲ್ಲಿ ತೆಂಗಿನ ಹಾಲಿನ ಮೀನು ಇತ್ತು. ಸಭೆ ಬೇಗ ಮುಗಿದರೆ ಸಾಕು ಎಂಬ ಒಂದೇ ಉದ್ದೇಶದಿಂದ ಅವನು ಬಾಯಿಬಿಟ್ಟ.

“ಇದು ನಾನು ಭಾನುವಾರ ಭಾನುವಾರ ಮಾಡೋದೇ ಅಲ್ವಾ ಮೇಡಂ.”

ಹೀಗೆ ಅವನು ತರಬೇತಿ ಅಧಿಕಾರಿಯಾದ. ಮಹಡಿಯ ಮೇಲೆ, ಫ್ಯಾನಿನ ಕೆಳಗೆ, ಅವನಿಗೊಂದು ಮೇಜು ಬಂತು. ಮೇಡಂ ಮಾತು ಸ್ಪಷ್ಟವಾಗಿತ್ತು. ಹಡಗು ಹೊರಟರೆ ಮೇಜು ಕಾಯಂ. ಹೊರಡದಿದ್ದರೆ ಮತ್ತೆ ಗೋದಾಮು, ಜೊತೆಗೆ ಕಂದಾವಿನ ಜನರಿಗೆ ವಿಷಯ ತಿಳಿಸುವ ಕೆಲಸವೂ ಅವನದೇ. ಕಂದಾವಿನ ಜನ ಎಂದರೆ ಯಾರೋ ಅಲ್ಲ, ಅವನ ಹೆಂಡತಿ ವಾಸಿತಿಯ ತವರಿನವರು. ವಾಸಿತಿ ಅಂದೇ ಸಂಜೆ ರೈವಾಂಗದ ಬೀದಿಯಲ್ಲಿ ಒಂದು ಮನೆ ಬಿಡದೆ ಸುದ್ದಿ ಮುಟ್ಟಿಸಿ, ತಾಯಿಗೂ ಫೋನ್ ಮಾಡಿ, ಕ್ರಿಸ್‌ಮಸ್‌ಗೆ ಅಧಿಕಾರಿಯನ್ನು ಕರೆದುಕೊಂಡು ಬರುತ್ತೇನೆ ಎಂದು ಹೇಳಿಬಿಟ್ಟಳು. ನಾನಂತೂ ಆ ಹಡಗಿನ ಟಿಕೆಟುಗಳನ್ನು ಆಗಲೇ ಮಾರಿ ಮುಗಿಸಿದ್ದೆ. ಅಂದರೆ ನನ್ನ ನೆಮ್ಮದಿ ನೆಮಾನಿಯ ಕೈಯಲ್ಲಿತ್ತು, ಮತ್ತು ಆ ಕೈ ಒಂದೇ ಒಂದು ಗುಂಡಿ ಬಲ್ಲದ್ದು.

ವಾಸಿತಿಯ ಅಣ್ಣ ತೊಮಾಸಿ ಅದೇ ಹಡಗಿನ ಕೂಲಿಯಾಳುಗಳ ಮೇಸ್ತ್ರಿ. ನಮ್ಮಲ್ಲಿ ಭಾವಂದಿರು ಎದುರಾದರೆ ಒಬ್ಬರನ್ನೊಬ್ಬರು ಕೆಣಕಲೇಬೇಕು. ಕೆಣಕದೆ ಹೋದರೆ ಇವರಿಬ್ಬರ ನಡುವೆ ಏನು ಮನಸ್ತಾಪ ಎಂದು ಜನ ವಿಚಾರಿಸಲು ಬರುತ್ತಾರೆ. ತೊಮಾಸಿ ಮಹಡಿ ಹತ್ತಿ ಬಂದು ಹೊಸ ಮೇಜನ್ನು ಸುತ್ತು ಹಾಕಿ ನೋಡಿದ.

“ಭಾವ, ಮೇಜಿನ ಮೇಲೆ ತಲೆ ಇಟ್ಕೊಂಡು ಮಾತ್ರ ಮಲಗ್ಬೇಡ. ಯಾರಾದ್ರೂ ಸರಕು ಅಂದ್ಕೊಂಡು ಚೀಟಿ ಅಂಟಿಸಿಬಿಡ್ತಾರೆ.”

ಮೊದಲು ಬಂದವನು ಬ್ರಿಸ್ಬೇನಿನ ಡಾರಿಲ್. ಅವನು ಪಾಠ ತಯಾರಿಸುವ ಒಂದು ಸಾಫ್ಟ್‌ವೇರ್ ಮಾರುತ್ತಿದ್ದ. ಫಿಜಿಯಲ್ಲಿ ಯಾರ ಬಳಿ ಹೋದರೂ ಕುಟ್ಟಿ ಕುಡಿಯುವ ಯಂಗೋನ ಬೇರಿನ ಕಟ್ಟು ಕಾಣಿಕೆಯಾಗಿ ಒಯ್ಯಬೇಕು ಎಂದು ಯಾರೋ ಹೋಟೆಲಿನಲ್ಲಿ ಹೇಳಿಕೊಟ್ಟಿದ್ದರು. ಹೇಳಿಕೊಟ್ಟವರು ಅರ್ಧ ಹೇಳಿ ಇನ್ನರ್ಧ ನುಂಗಿದ್ದರು. ನೆಮಾನಿ ಆಗ ತನ್ನ ಹಳೆಯ ಚೀಟಿಗಳನ್ನು ತರಲು ಗೋದಾಮಿಗೆ ಇಳಿದಿದ್ದ. ಡಾರಿಲ್ ಕಾಗದದಲ್ಲಿ ಸುತ್ತಿದ ಕಟ್ಟನ್ನು ಎದೆಗವಚಿಕೊಂಡು ಬಂದ, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ, ಕಟ್ಟನ್ನು ನೆಮಾನಿಯ ಮೊಣಕಾಲ ಮುಂದಿಟ್ಟ, ತನ್ನ ಸಾಫ್ಟ್‌ವೇರನ್ನು ದಯವಿಟ್ಟು ಸ್ವೀಕರಿಸಬೇಕೆಂದು ತಲೆ ಬಗ್ಗಿಸಿ ಕೇಳಿಕೊಂಡ. ಗೋದಾಮಿನ ಆಳುಗಳೆಲ್ಲ ಕೆಲಸ ಬಿಟ್ಟು ಸುತ್ತ ಕೂತರು.

ನೆಮಾನಿಯ ಮುಂದೆ ಜೀವಮಾನದಲ್ಲಿ ಯಾರೂ ಹಾಗೆ ತಲೆ ಬಗ್ಗಿಸಿರಲಿಲ್ಲ. ಅವನ ಕಣ್ಣು ತುಂಬಿತು. ಊರ ಯಜಮಾನನ ಗಾಂಭೀರ್ಯದಿಂದ ಕಟ್ಟನ್ನು ಎರಡೂ ಕೈಯಲ್ಲಿ ಮುಟ್ಟಿದ, ಅಂಗೈ ಗುಳಿ ಮಾಡಿ ಚಪ್ಪಾಳೆ ತಟ್ಟಿದ. ಆಳುಗಳೂ ತಟ್ಟಿದರು. ಹೀಗೆ ಏನನ್ನಾದರೂ ಬೇಡಿ ಇಟ್ಟ ಕಟ್ಟನ್ನು ಮುಟ್ಟಿದರೆ ಬೇಡಿದ್ದು ಕೊಟ್ಟಂತೆ ಎಂದು ಇಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಗೊತ್ತಿಲ್ಲದವನು ಡಾರಿಲ್ ಒಬ್ಬನೇ. ತನಗೆ ನಮಸ್ಕಾರ ಸಿಕ್ಕಿತು ಎಂದುಕೊಂಡು ಖುಷಿಯಾಗಿ ಎದ್ದುಹೋದ ಅವನು, ಇವರು ಯಾವಾಗ ಒಪ್ಪುತ್ತಾರೋ ಎಂದು ದಿನವೂ ಬರತೊಡಗಿದ.

ಕಮಿಂಗ್ ಸ್ಟ್ರೀಟಿನ ಅಂಗಡಿಯ ಹಸ್ಮುಖ್‌ಭಾಯಿಗೆ ಸಂಪ್ರದಾಯ ಚೆನ್ನಾಗಿ ಗೊತ್ತಿತ್ತು. ಅವನು ಆಕ್ಲೆಂಡಿನ ಇನ್ನೊಂದು ಸಾಫ್ಟ್‌ವೇರಿನ ಏಜೆಂಟು. ಬ್ರಿಸ್ಬೇನಿನವನ ಕಟ್ಟನ್ನು ಮುಟ್ಟಿದ್ದಾಯಿತಂತೆ ಎಂದು ಕೇಳಿದ ಮಧ್ಯಾಹ್ನವೇ ಮಾರುಕಟ್ಟೆಯಿಂದ ಅದರ ಎರಡರಷ್ಟು ದಪ್ಪದ ಕಟ್ಟು ತಂದು ಇಟ್ಟ. ನೆಮಾನಿ ಬೆವೆತ, ನನ್ನ ಕಡೆ ನೋಡಿದ. ಮುಟ್ಟಬೇಡ ಎಂದು ಕಿಟಕಿಯಿಂದಲೇ ನಾನು ಕಣ್ಣು, ಹುಬ್ಬು, ಕಿವಿ ಎಲ್ಲವನ್ನೂ ಆಡಿಸಿದೆ. ಅವನು ಮುಟ್ಟಿದ.

ಆಮೇಲೆ ತೊಮಾಸಿ ಬಂದ. ಹುಡುಗರು ಮಹಡಿ ಹತ್ತಿ ಕಂಪ್ಯೂಟರಿನ ಮುಂದೆ ಕೂರುವವರಲ್ಲ, ಫೋನಿನಲ್ಲೇ ನಡೆಯುವ ಬಿಟ್ಟಿ ಸಾಫ್ಟ್‌ವೇರ್ ಒಂದಿದೆ, ಅದನ್ನೇ ಆರಿಸು ಎಂದು ಅವನ ಕೋರಿಕೆ. ಅವನು ತಂದದ್ದು ಅಂಗಡಿಯ ಬೇರಲ್ಲ, ನೆಮಾನಿಯ ಅತ್ತೆ ಕಂದಾವಿನ ತಮ್ಮ ತೋಟದಿಂದ ಅಗೆದು ಕಳಿಸಿದ ಬೇರು. ಅತ್ತೆಯ ಕಟ್ಟನ್ನು ಮುಟ್ಟದ ಅಳಿಯನನ್ನು ನಾನು ಈ ದ್ವೀಪಗಳಲ್ಲಿ ಕಂಡಿಲ್ಲ.

“ಮೂರು ಜನಕ್ಕೂ ಹೂಂ ಅಂದಿದೀಯಲ್ಲೋ. ಬುದ್ಧಿ ನೆಟ್ಟಗಿದೆಯಾ?” ಎಂದು ನಾನು ಕೇಳಿದೆ.

“ಮುಟ್ಟದೆ ಹೇಗಿರ್ಲಿ ಮುನಿ? ಮೊಣಕಾಲ ಮುಂದೆ ತಂದು ಇಡ್ತಾರೆ. ಮನೆಗೆ ಬಂದೋರ ಮುಖದ ಮೇಲೆ ಬಾಗಿಲು ಹಾಕೋಕಾಗುತ್ತಾ?”

“ಇದು ನಿನ್ನ ಮನೆ ಅಲ್ಲಪ್ಪಾ, ಗೋದಾಮು.”

“ಗೋದಾಮಿಗೂ ಬಾಗಿಲಿದೆಯಲ್ಲ,” ಎಂದ ನೆಮಾನಿ.

ಕೊಟ್ಟ ಮಾತು ಉಳಿಸಿಕೊಳ್ಳಲು ಅವನ ತಲೆಗೆ ಹೊಳೆದ ದಾರಿ ಒಂದೇ. ಒಂದೇ ಪಾಠವನ್ನು ಮೂರು ಸಾಫ್ಟ್‌ವೇರಿನಲ್ಲೂ ಕಟ್ಟುವುದು. ಮೇಡಂಗೆ ಇದು ಆಳವಾದ ಪರಿಶೀಲನೆಯಾಗಿ ಕಂಡಿತು. ಮೂರನ್ನೂ ಹೋಲಿಸಿ ನೋಡುತ್ತಿದ್ದಾರೆ, ಜವಾಬ್ದಾರಿ ಅಂದರೆ ಹೀಗಿರಬೇಕು ಎಂದು ನನ್ನ ಮುಂದೆಯೇ ಹೊಗಳಿದರು. ನನ್ನ ಕಿಟಕಿಯ ಮುಂದೆ ಆಗಲೇ, ಹಡಗು ಹೊರಡುತ್ತೋ ಇಲ್ಲವೋ ಎಂದು ಕೇಳುವ ಹೆಂಗಸರು ಗೆಣಸಿನ ಚೀಲ, ಚಾಪೆ, ಕೇಕು ಸಮೇತ ಸಾಲು ನಿಂತಿದ್ದರು. ಹೊರಡುತ್ತೆ ಅನ್ನುವಾಗ ನನ್ನ ಎದೆ ಕುಟ್ಟುತ್ತಿತ್ತು.

ಕುಟ್ಟುತ್ತಿದ್ದದ್ದು ನನ್ನ ಎದೆ ಮಾತ್ರವಲ್ಲ. ಸ್ವೀಕರಿಸಿದ ಬೇರನ್ನು ಕುಟ್ಟಿ, ನೀರಿನಲ್ಲಿ ಹಿಂಡಿ, ಎಲ್ಲರಿಗೂ ಹಂಚಿ ಕುಡಿಯಬೇಕು. ಒಬ್ಬನೇ ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ಗೋದಾಮಿನ ಮೂಲೆಯಲ್ಲಿ ಕಬ್ಬಿಣದ ಒರಳಿಗೆ ಕಬ್ಬಿಣದ ಒನಕೆ ಬೀಳುತ್ತಲೇ ಇತ್ತು, ಠಣ್, ಠಣ್, ಠಣ್. ಡಾರಿಲ್ ಬೇರೆ ಒಪ್ಪಿಗೆ ಸಿಗಲಿಲ್ಲವೆಂದು ದಿನಕ್ಕೊಂದು ಹೊಸ ಕಟ್ಟು ತಂದು ಸುರಿಯುತ್ತಿದ್ದ. ಆಳುಗಳಿಗೆ ಅವನ ಮೇಲೆ ಒಡಹುಟ್ಟಿದವನ ಮೇಲಿನಷ್ಟು ಪ್ರೀತಿ ಬೆಳೆಯಿತು.

ಇಂಥ ಗದ್ದಲದಲ್ಲಿ ನೆಮಾನಿ ಪಾಠ ಕಟ್ಟಲು ಕೂತ. ಬ್ರಿಸ್ಬೇನಿನ ಸಾಫ್ಟ್‌ವೇರಿನಲ್ಲಿ ಗುಂಡಿಗಳು ಎಷ್ಟಿದ್ದವೆಂದರೆ ಅವನು ಮೊದಲ ದಿನ ಒಂದನ್ನೂ ಮುಟ್ಟದೆ ಸುಮ್ಮನೆ ನೋಡಿ ಎದ್ದುಬಂದ. ಎರಡನೆಯ ದಿನ ಧೈರ್ಯ ಮಾಡಿ, ಪಾಠ ಹೇಳಲು ಸೂಟು ಹಾಕಿದ ಒಂದು ಬೊಂಬೆಯನ್ನು ತಂದು ನಿಲ್ಲಿಸಿದ. ಸರಿ ಉತ್ತರಕ್ಕೆ ಬಣ್ಣದ ಕಾಗದ ಸುರಿದು ಬೊಂಬೆ ಕುಣಿಯಬೇಕು, ತಪ್ಪಿಗೆ ತಲೆ ಆಡಿಸಬೇಕು. ನೆಮಾನಿ ಎರಡನ್ನೂ ಅದಲುಬದಲು ಮಾಡಿಟ್ಟ. ಹಡಗು ಮುಳುಗುವಾಗ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ‘ಊಟ ಮುಗಿಸುತ್ತೇನೆ’ ಎಂದು ಒತ್ತಿದವರಿಗೆ ಬೊಂಬೆ ಕುಣಿದು ಕುಪ್ಪಳಿಸುತ್ತಿತ್ತು. ತೊಮಾಸಿಯ ಆಳುಗಳು ಊಟದ ಸಾಲಿನಲ್ಲಿ ನಿಂತಂತೆ ನಿಂತು ಅದೇ ಉತ್ತರ ಒತ್ತಿಹೋದರು.

ಬಿಟ್ಟಿ ಸಾಫ್ಟ್‌ವೇರಿನಲ್ಲಿ ಫೋನಿನ ಪರದೆ ಚಿಕ್ಕದು, ನೆಮಾನಿಯ ಬೆರಳು ದೊಡ್ಡದು. ಒಂದನ್ನು ಒತ್ತಿದರೆ ಮೂರು ಬರುತ್ತಿದ್ದವು. ಆಕ್ಲೆಂಡಿನದರಲ್ಲಿ ಲೈಫ್ ಜಾಕೆಟ್ಟಿನ ಚಿತ್ರವನ್ನು ಎಳೆದು ಮನುಷ್ಯನ ಮೇಲೆ ಇಡಬೇಕಿತ್ತು. ನೆಮಾನಿ ಎಳೆದ ರಭಸಕ್ಕೆ ಜಾಕೆಟ್ಟು ಎಲ್ಲಿ ಹೋಯಿತೋ ಸಿಗಲೇ ಇಲ್ಲ. ಅವನು ಮೇಜಿನ ಕೆಳಗೂ ಬಗ್ಗಿ ನೋಡಿದ್ದನ್ನು ನಾನೇ ಕಂಡೆ. ಆಗ ಅವನ ಕಣ್ಣಿಗೆ ಮೂಲೆಯಲ್ಲಿ ಹಿಂದಕ್ಕೆ ಬಾಗಿದ ಒಂದು ಪುಟ್ಟ ಬಾಣ ಬಿತ್ತು. ಒತ್ತಿದ. ಜಾಕೆಟ್ಟು ವಾಪಸ್ ಬಂತು.

ಅವನು ಮೆಟ್ಟಿಲಿಳಿದು ನನ್ನ ಕಿಟಕಿಗೆ ಓಡಿಬಂದ.

“ಮುನಿ, ಮಾಡಿದ್ದನ್ನ ಮಾಡೇ ಇಲ್ಲ ಅನ್ನಿಸೋ ಗುಂಡಿ ಇದೆ ಕಣೋ ಅದರಲ್ಲಿ. ಒತ್ತಿದ್ರೆ ಸಾಕು, ಎಲ್ಲಾ ಹಿಂದಕ್ಕೆ ಹೋಗುತ್ತೆ.”

“ನಿನ್ನ ಚಪ್ಪಾಳೆಗಳೂ ಹೋಗ್ತವಾ?”

ಅವನ ಮುಖ ಬಾಡಿತು. ಆದರೂ ಮತ್ತೆ ಮೇಲೆ ಹೋಗಿ ಆ ಬಾಣವನ್ನು ಪ್ರೀತಿಯಿಂದ ಒತ್ತುತ್ತಾ ಒತ್ತುತ್ತಾ, ಅಂದು ಬೆಳಗಿನಿಂದ ಮಾಡಿದ ಕೆಲಸವನ್ನೆಲ್ಲ ಅಳಿಸಿ, ಬಿಳೀ ಪರದೆಯ ಮುಂದೆ ಸುಖವಾಗಿ ಕೂತ. ಅಂಥ ಬಾಣ ಉಳಿದ ಎರಡರಲ್ಲೂ ಇತ್ತು. ನನಗದು ಕಂಡಿತ್ತು, ಹೇಳಲಿಲ್ಲ. ಮನುಷ್ಯ ಕೊನೆಗೂ ಒಂದನ್ನು ಮೆಚ್ಚಿದ್ದ, ಅದನ್ನು ಕೆಡಿಸುವ ಧೈರ್ಯ ನನಗಿರಲಿಲ್ಲ.

ಆಮೇಲೆ ದನಿ ಸೇರಿಸುವ ಕೆಲಸ. ವಾಸಿತಿ, ಪಾದ್ರಿಗಳು ಪ್ರವಚನ ಮಾಡುವ ಹಾಗೆ ಗಟ್ಟಿಯಾಗಿ ಓದಬೇಕು ಎಂದು ಹೇಳಿ ಕಳಿಸಿದ್ದಳು. ಮೇಲೆ ಫ್ಯಾನಿನ ಸದ್ದು ಎಂದು ನೆಮಾನಿ ಗೋದಾಮಿನಲ್ಲೇ ನಿಂತು ಓದಿದ. “ತೋಳು ತೂರಿಸಿ. ಪಟ್ಟಿ ಬಿಗಿಯಿರಿ. ಸೀಟಿ ಇದೆಯೇ ನೋಡಿ. ಮುಂದೆ ಎಂಬ ಗುಂಡಿ ಒತ್ತಿ.” ಕೊನೆಯದು ಪಾಠದ ಮಾತಲ್ಲ, ಪುಟ ತಿರುಗಿಸಲು ತೆರೆಯ ಮೇಲೆ ಬರೆದಿದ್ದ ಸೂಚನೆ. ಚರ್ಚಿನಲ್ಲಿ ಕಂಡದ್ದನ್ನೆಲ್ಲ ಓದಿ ಅಭ್ಯಾಸವಾಗಿತ್ತು, ಅದನ್ನೂ ಓದಿಬಿಟ್ಟ. ಹಿನ್ನೆಲೆಯಲ್ಲಿ ಒನಕೆ ಬೀಳುತ್ತಿತ್ತು. ಅಪಾಯದ ಗಂಟೆ ಹೊಡೆದಾಗ ಎಂದು ಅವನು ಹೇಳುವುದಕ್ಕೂ ಮೂಲೆಯಿಂದ ಠಣ್ ಠಣ್ ಬರುವುದಕ್ಕೂ ಸರಿಹೋಗಿ, ಕೇಳಿದವರಿಗೆ ಇದೇ ಆ ಗಂಟೆ ಅನ್ನಿಸುತ್ತಿತ್ತು.

ಪಾಠ ಹೊಸಬರಿಗೆ ಹತ್ತುತ್ತದೋ ಇಲ್ಲವೋ ನೋಡಲು ತೊಮಾಸಿಯ ಆಳುಗಳನ್ನೇ ಹಿಡಿದು ಕೂರಿಸಲಾಯಿತು. ಬ್ರಿಸ್ಬೇನಿನದು ಮುಗಿದರೆ ಆಕ್ಲೆಂಡಿನದು, ಅದು ಮುಗಿದರೆ ಫೋನಿನದು. ನೆಮಾನಿ ಏನಾದರೂ ತಿದ್ದಿದರೆ ಮತ್ತೆ ಮೊದಲಿನಿಂದ. ಅವನು ತಿದ್ದುತ್ತಲೇ ಇದ್ದ. ಆಳುಗಳು ಹಗ್ಗ ಸುತ್ತುವಾಗಲೂ ತೋಳು ತೂರಿಸಿ, ಪಟ್ಟಿ ಬಿಗಿಯಿರಿ ಎಂದು ಗೊಣಗತೊಡಗಿದರು. ಒಬ್ಬನ ಹೆಂಡತಿ, ಗಂಡ ನಿದ್ದೆಯಲ್ಲಿ ಸೀಟಿ ಹುಡುಕುತ್ತಾನೆ ಎಂದು ನನ್ನ ಕಿಟಕಿಗೆ ಬಂದು ಬೈದುಹೋದಳು. ಹಡಗಿನ ಸಂಬಂಧದ ಬೈಗುಳವೆಲ್ಲ ನನ್ನ ಕಿಟಕಿಗೇ ಬರಬೇಕೆಂದು ಎಲ್ಲೋ ಕಾನೂನಿರಬೇಕು.

ತಪಾಸಣೆ ಹತ್ತಿರವಾದಾಗ ಗೋದಾಮಿನ ಹಿರಿಯರು ತಕರಾರು ತೆಗೆದರು. ಮೂವರಿಗೆ ಕೊಟ್ಟ ಮಾತು ತಲೆಯ ಮೇಲೆ ಹೊತ್ತವನ ಪಾಠ ಕಲಿತ ಹಡಗು ಕಂದಾವು ಮುಟ್ಟಲಿಕ್ಕಿಲ್ಲ, ಒಂದನ್ನು ಇಟ್ಟುಕೊಂಡು ಉಳಿದಿಬ್ಬರ ಕ್ಷಮೆ ಕೇಳು ಎಂದರು. ಕ್ಷಮೆ ಕೇಳುವುದಕ್ಕೂ ಕಟ್ಟೇ ಬೇಕು. ನೆಮಾನಿ ಬಾಣವಿರುವ ಆಕ್ಲೆಂಡಿನದನ್ನು ಇಟ್ಟುಕೊಂಡ. ಹಸ್ಮುಖ್‌ಭಾಯಿ, ನನಗೆ ಮೊದಲೇ ಗೊತ್ತಿತ್ತು ಎಂದು ಎಲ್ಲರಿಗೂ ಚಹಾ ಕೊಡಿಸಿದ. ತೊಮಾಸಿ ಕ್ಷಮೆಯ ಕಟ್ಟನ್ನು ಮುಟ್ಟಿ, ಕ್ಷಮಿಸಿದ್ದೇನೆ ಭಾವ, ಆದರೆ ಈ ಕಥೆಯನ್ನು ಕಂದಾವಿನ ಪ್ರತಿ ಹಳ್ಳಿಯಲ್ಲೂ ಹೇಳುವ ಹಕ್ಕು ನನ್ನದು ಎಂದ.

ಉಳಿದವನು ಡಾರಿಲ್. ನೆಮಾನಿ ಅವನ ಮುಂದೆ ಕಟ್ಟಿಟ್ಟು ತಲೆ ತಗ್ಗಿಸಿ, ನಾನು ತಪ್ಪು ಮಾಡಿದೆ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದು ಫಿಜಿಯ ಭಾಷೆಯಲ್ಲಿ, ಕ್ರಮಪ್ರಕಾರ, ಕಣ್ಣೀರಿಟ್ಟು ಕೇಳಿಕೊಂಡ. ಡಾರಿಲ್‌ಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಆದರೆ ದಿನಾ ನೋಡಿ ನೋಡಿ ಏನು ಮಾಡಬೇಕೆಂದು ಕಲಿತಿದ್ದ. ಕಟ್ಟು ಮುಟ್ಟಿದ, ಬಲು ಚೆನ್ನಾಗಿ ಚಪ್ಪಾಳೆ ತಟ್ಟಿದ, ನೆಮಾನಿಯನ್ನು ಅಪ್ಪಿಕೊಂಡ, ಎಲ್ಲರ ಕೈ ಕುಲುಕಿದ. ಕೊನೆಗೂ ಕೊಂಡರು ಎಂದು ತಿಳಿದು ಅಂದೇ ವಿಮಾನ ಹತ್ತಿದ. ಮರುದಿನ ಮೇಡಂ ಕೆಳಗಿಳಿದು ಬಂದು, ಬ್ರಿಸ್ಬೇನಿನಿಂದ ಯಾರೋ ಡಾರಿಲ್ ಅನ್ನುವವರು ನಮಗೆ ಇಷ್ಟೊಂದು ಧನ್ಯವಾದ ಹೇಳಿ ಯಾಕೆ ಬರೆದಿದ್ದಾರೆ ಎಂದು ನನ್ನನ್ನು ಕೇಳಿದರು. ಹಬ್ಬದ ಕಾಲ ಮೇಡಂ, ಜನರಿಗೆ ಮನಸ್ಸು ತುಂಬಿ ಬಂದಿರುತ್ತದೆ ಎಂದು ಹೇಳಿದೆ.

ತಪಾಸಣೆಗೆ ಬಂದವರು ಕ್ಯಾಪ್ಟನ್ ಸೆರೆಮಾಯ. ಮೀಸೆಯೂ ಮಾತೂ ಗಿಡ್ಡ. ಆಳುಗಳೆಲ್ಲ ಹಡಗಿನ ಮೇಲೆ ಸಾಲಾಗಿ ಕೂತಿದ್ದರು. ಬಂದ ದೊಡ್ಡವರನ್ನು ಬರಿಗೈಯಲ್ಲಿ ಎದುರುಗೊಳ್ಳುವುದು ಹೇಗೆಂದು ನೆಮಾನಿ ಒಂದು ಕಟ್ಟು ಹಿಡಿದು ಮೊಣಕಾಲೂರಿದ. ಕ್ಯಾಪ್ಟನ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

“ನಿಮ್ಮ ಆಫೀಸಿನ ವಿಷಯ ಕೇಳಿದೀನಿ. ನಾನದನ್ನ ಮುಟ್ಟೋದಿಲ್ಲ.”

ನಮ್ಮೆಲ್ಲರ ಮುಖ ಇಳಿದುಹೋಯಿತು. ಮೇಡಂ ಸೆರಗಿನ ತುದಿ ಹಿಂಡತೊಡಗಿದರು. ದಂಡೆಯ ಮೇಲೆ ಗಂಟುಮೂಟೆ ಸಮೇತ ನಿಂತಿದ್ದ ಜನ ನನ್ನನ್ನೇ ನೋಡುತ್ತಿದ್ದರು. ಹಡಗು ಹೊರಡುವುದಿಲ್ಲ, ನೆಮಾನಿಯ ಮೇಜು ಹೋಯಿತು, ವಾಸಿತಿ ತಾಯಿಗೆ ಏನು ಹೇಳುತ್ತಾಳೋ ಎಂದು ನನಗೆ ನಿಜಕ್ಕೂ ಸಂಕಟವಾಯಿತು.

ಗೋದಾಮಿನವರಿಗೆ ಹಡಗಿನ ಮೇಲೆ ನಡೆದದ್ದು ಗೊತ್ತಿರಲಿಲ್ಲ. ಕ್ಯಾಪ್ಟನ್ ಬಂದಾಯಿತು, ಕುಡಿಯಲು ಕೊಡಬೇಕು ಎಂದು ಅವರು ಒರಳಿಗೆ ಬೇರು ಹಾಕಿ ಒನಕೆ ಎತ್ತಿದರು. ಠಣ್, ಠಣ್, ಠಣ್.

ತೊಮಾಸಿ ಎದ್ದ. ಅವನ ಹಿಂದೆ ಎಲ್ಲರೂ ಎದ್ದರು. ಯಾರೂ ಯೋಚಿಸಿದ ಹಾಗೆ ಕಾಣಲಿಲ್ಲ. ತೋಳು ತೂರಿಸಿದರು, ಪಟ್ಟಿ ಬಿಗಿದರು, ಸೀಟಿ ಮುಟ್ಟಿ ನೋಡಿಕೊಂಡರು. ಅಡುಗೆಯವನು ಸೌಟು ಹಿಡಿದುಕೊಂಡೇ ಜಾಕೆಟ್ ಹಾಕಿಕೊಂಡಿದ್ದ. ಕ್ಯಾಪ್ಟನ್ ಸೆರೆಮಾಯರ ಕೈ ಬೆನ್ನ ಹಿಂದಿನಿಂದ ತಾವಾಗಿ ಮುಂದೆ ಬಂದವು. ಇಷ್ಟು ಬೇಗ ಜಾಕೆಟ್ ತೊಟ್ಟ ಹಡಗನ್ನು ತಾವು ನೋಡಿಲ್ಲ ಎಂದರು. ಆಮೇಲೆ ಅಡುಗೆಯವನನ್ನು ಕರೆದು, ಜಾಕೆಟ್ ಹಾಕಿದ ಮೇಲೆ ಏನು ಮಾಡುತ್ತೀಯ ಎಂದು ಕೇಳಿದರು.

“ಮುಂದೆ ಅನ್ನೋ ಗುಂಡಿ ಒತ್ತುತ್ತೀನಿ ಸಾರ್.”

“ಎಲ್ಲಿದೆ ಆ ಗುಂಡಿ?”

ಅಡುಗೆಯವನು ಸುತ್ತ ಹುಡುಕಿದ. ಉಳಿದವರೂ ಹುಡುಕಿದರು. ಹುಡುಕುತ್ತಾ ಹುಡುಕುತ್ತಾ ಎಲ್ಲರೂ ಜೀವರಕ್ಷಕ ದೋಣಿಯ ಹತ್ತಿರ ಬಂದು ನಿಂತರು. ನಿಲ್ಲಬೇಕಾದದ್ದೂ ಅಲ್ಲಿಯೇ. ಕ್ಯಾಪ್ಟನ್, ಹಡಗು ಹೊರಡಲಿ, ಆದರೆ ಪಾಠದಲ್ಲಿ ನಿಜವಾದ ಗಂಟೆಯ ಸದ್ದು ಸೇರಿಸುವ ತನಕ ಆ ಒರಳು ಒನಕೆ ಹಡಗಿನ ಮೇಲೇ ಇರತಕ್ಕದ್ದು ಎಂದು ಅಪ್ಪಣೆ ಕೊಟ್ಟರು. ದಂಡೆಯ ಮೇಲಿನ ಹೆಂಗಸರು ಕೀರ್ತನೆ ಶುರುಮಾಡಿದರು. ನಾನು ಕಿಟಕಿ ಮುಚ್ಚಿ ಒಳಗೆ ಕೂತು ಸ್ವಲ್ಪ ಅತ್ತೆ. ಇದನ್ನು ಯಾರಿಗೂ ಹೇಳಿಲ್ಲ.

ಹೊರಡುವ ದಿನ ಬೆಳಿಗ್ಗೆ ನೆಮಾನಿ, ಇನ್ನು ಸಾಯುವ ತನಕ ಯಾರ ಕಟ್ಟನ್ನೂ ಮುಟ್ಟುವುದಿಲ್ಲ ಎಂದು ನನ್ನ ಕೈ ಹಿಡಿದು ಆಣೆ ಮಾಡಿದ. ಹಡಗು ಕೂಗು ಹಾಕಿತು. ವಾಸಿತಿ ಚಾಪೆ ಚೀಲಗಳೊಂದಿಗೆ ಏಣಿಯ ಮೇಲಿದ್ದಳು. ಅಷ್ಟರಲ್ಲಿ ಗೌಂಡರ್ ಮೇಡಂ ದಂಡೆಗೆ ಬಂದರು. ಕೈಯಲ್ಲಿ ಕಾಗದ ಸುತ್ತಿದ ಕಟ್ಟು. ಹೊಸ ಸೀರೆಯನ್ನೂ ಲೆಕ್ಕಿಸದೆ ಸರಕಿನ ಚಾಪೆಯ ಮೇಲೆ ಕೂತು, ಕಟ್ಟನ್ನು ನೆಮಾನಿಯ ಕಾಲ ಮುಂದೆ ಇಟ್ಟರು.

“ಈಸ್ಟರ್ ಒಳಗೆ ನಮ್ಮ ಇನ್ನೆರಡು ಹಡಗಿಗೂ ಪಾಠ ಆಗ್ಬೇಕು, ನೆಮಾನಿ. ಮೇಜು ನಿಮ್ಮದೇ, ಫ್ಯಾನೂ ನಿಮ್ಮದೇ. ದಯವಿಟ್ಟು ಇಲ್ಲ ಅನ್ಬೇಡಿ.”

ನೆಮಾನಿ ಎರಡೂ ಕೈ ಜೇಬಿಗೆ ತುರುಕಿದ. ಮೇಜಿನ ಆಸೆ ಅವನ ಮುಖದಲ್ಲಿ ಎದ್ದು ಕಾಣುತ್ತಿತ್ತು, ಹೆದರಿಕೆಯೂ ಅಷ್ಟೇ ಕಾಣುತ್ತಿತ್ತು. ಅವನು ನನ್ನನ್ನು ನೋಡಿದ, ಹಡಗನ್ನು ನೋಡಿದ, ಕಟ್ಟನ್ನು ಮಾತ್ರ ನೋಡಲಿಲ್ಲ. ಮೇಡಂ ತಲೆ ಬಗ್ಗಿಸಿ ಕಾದರು. ಹಡಗು ಇನ್ನೊಮ್ಮೆ ಕೂಗಿತು.

ವಾಸಿತಿ ಚೀಲಗಳನ್ನು ಅಲ್ಲೇ ಇಟ್ಟು ಏಣಿ ಇಳಿದು ಬಂದಳು. ಗಂಡನ ಪಕ್ಕದಲ್ಲಿ ಮೊಣಕಾಲೂರಿ, ಎರಡೂ ಕೈಯಲ್ಲಿ ಕಟ್ಟನ್ನು ಮುಟ್ಟಿ, ಅಂಗೈ ಗುಳಿ ಮಾಡಿ ದಂಡೆಯೆಲ್ಲ ಕೇಳುವಂತೆ ಚಪ್ಪಾಳೆ ತಟ್ಟಿದಳು. ಹೆಂಗಸು ಮುಟ್ಟಿದರೆ ಲೆಕ್ಕವೇ ಎಂದು ಆಳುಗಳು ಮುಖ ಮುಖ ನೋಡಿಕೊಂಡರು. ನನ್ನ ತಂಗಿ ಮುಟ್ಟಿದ ಮೇಲೆ ಮುಗಿಯಿತು ಎಂದು ತೊಮಾಸಿ ಮೇಲಿನಿಂದ ತೀರ್ಪು ಕೊಟ್ಟ.

ನೆಮಾನಿ ಕದಲಲಿಲ್ಲ. ಅವನ ಜೇಬಿನೊಳಗೆ ಬೆರಳೊಂದು ಮತ್ತೆ ಮತ್ತೆ ಏನನ್ನೋ ಒತ್ತುತ್ತಿತ್ತು. ಅದು ಆ ಹಿಂದಕ್ಕೆ ಬಾಗಿದ ಬಾಣ ಎಂದು ನನಗೆ ಗೊತ್ತಾಯಿತು. ಅಷ್ಟು ಹೊತ್ತಿಗೆ ವಾಸಿತಿ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಹಡಗು ಹತ್ತಿಯಾಗಿತ್ತು.